ಚೂರಾದ ಪತ್ರ, ಅಚ್ಚಾದ ಪತ್ರ: ಬೋಧಕರ ಬಹಿರಂಗ ಟೀಕೆಯಲ್ಲಿ ಕೃಪೆ ಮತ್ತು ಸತ್ಯ



ಈ ದತ್ತಿ ಉಪನ್ಯಾಸಕ್ಕೆ ಸಮಿತಿಯವರು ಈ ಸಲ ಆರಿಸಿರುವುದು ಸ್ವಲ್ಪ ಬಿಸಿ ವಿಷಯ. ಸಭಾಪಾಲಕರ ಬೋಧನೆಯಲ್ಲಿ ತಪ್ಪು ಕಂಡರೆ ಕ್ರೈಸ್ತರು ಅದನ್ನು ನಾಲ್ಕು ಜನರ ಮುಂದೆ ಹೇಳಬಹುದೇ, ಹೇಳುವುದಾದರೆ ಕೃಪೆಯನ್ನೂ ಸತ್ಯವನ್ನೂ ಹೇಗೆ ಸರಿದೂಗಿಸಬೇಕು ಎಂಬುದು ಪ್ರಶ್ನೆ. ವಿಷಯವನ್ನು ಸಂತೋಷದಿಂದ ಒಪ್ಪಿಕೊಂಡೆ. ಆದರೆ ಸರಿದೂಗಿಸುವ ಆ ಲೆಕ್ಕಾಚಾರದ ಬಗ್ಗೆ ನನಗೆ ತಕರಾರಿದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಕೃಪೆ, ಇನ್ನೊಂದರಲ್ಲಿ ಸತ್ಯ ಎಂದು ನಾವು ಭಾವಿಸಿಕೊಂಡಿದ್ದೇವೆ. ಹಾಗಾಗಿ ಖಡಕ್ಕಾಗಿ ಮಾತಾಡಿದವನಿಗೆ ಸ್ವಲ್ಪ ಕೃಪೆ ಸೇರಿಸಪ್ಪ ಅನ್ನುತ್ತೇವೆ, ಮೆತ್ತಗೆ ಮಾತಾಡಿದವನಿಗೆ ಸ್ವಲ್ಪ ಸತ್ಯ ಸೇರಿಸು ಅನ್ನುತ್ತೇವೆ. ಯೋಹಾನನ ಸುವಾರ್ತೆಯ ಮೊದಲನೇ ಅಧ್ಯಾಯದಲ್ಲಿ ಈ ಎರಡೂ ಒಬ್ಬನಲ್ಲೇ ತುಂಬಿದ್ದವು ಎಂದಿದೆಯೇ ಹೊರತು ಒಂದನ್ನು ಕಡಿಮೆ ಮಾಡಿ ಇನ್ನೊಂದಕ್ಕೆ ಜಾಗ ಕೊಟ್ಟರು ಎಂದಿಲ್ಲ.

ನಮ್ಮ ಸಭೆಗಳಲ್ಲಿ ನಡೆಯುವುದು ನಿಮಗೆ ಗೊತ್ತೇ ಇದೆ. ಪ್ರಸಂಗ ಸರಿಯಿಲ್ಲ ಅನ್ನಿಸಿದವರಲ್ಲಿ ಒಂದು ಗುಂಪಿನವರು ಅಭಿಷಿಕ್ತರನ್ನು ಮುಟ್ಟಬಾರದು ಎಂಬ ಕೀರ್ತನೆಯ ಮಾತನ್ನು ನೆನೆಸಿಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ. 105ನೇ ಕೀರ್ತನೆಯನ್ನು ತೆರೆದು ನೋಡಿದರೆ ಅಲ್ಲಿರುವುದು ಊರಿಂದೂರಿಗೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರನ್ನು ಅರಸರು ಹಿಂಸಿಸಬಾರದೆಂಬ ಮಾತು. ಭಾನುವಾರದ ಪ್ರಸಂಗವನ್ನು ಯಾರೂ ಪ್ರಶ್ನಿಸಬಾರದು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಗುಂಪಿನವರು ಬಾಯಿ ತೆರೆಯುತ್ತಾರೆ. ತೆರೆದರೆ ಪ್ರಸಂಗದ ತಪ್ಪಿನಿಂದ ಶುರುವಾದದ್ದು ಪಾಸ್ಟರ ಮನೆಯ ಖರ್ಚು, ಮಗಳ ಮದುವೆ, ಹಿಂದಿನ ಸಭೆಯಿಂದ ವರ್ಗವಾದ ಕಾರಣ, ಎಲ್ಲವನ್ನೂ ಸುತ್ತಿ ಬರುತ್ತದೆ. ಪ್ರಸಂಗದ ತಪ್ಪು ಏನಿತ್ತು ಎಂಬುದು ಅಷ್ಟು ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಈ ಎರಡು ಗುಂಪುಗಳಿಗೂ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ನಾನು ಚರಿತ್ರೆ ಓದಿದವನು. ಆದ್ದರಿಂದ ಒಂದು ಜಗಳದ ಕಥೆ ಹೇಳುತ್ತೇನೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಇಬ್ಬರು ಗೆಳೆಯರು, ಇಬ್ಬರೂ ಆಂಗ್ಲಿಕನ್ ಸಭೆಯ ಪಾದ್ರಿಗಳು, ಒಬ್ಬರ ಬೋಧನೆಯನ್ನು ಇನ್ನೊಬ್ಬರು ಅಚ್ಚಿನಲ್ಲಿ ಎದುರಿಸಿದರು: ಜಾನ್ ವೆಸ್ಲಿ ಮತ್ತು ಜಾರ್ಜ್ ವೈಟ್‌ಫೀಲ್ಡ್. (ಬೆಂಗಳೂರಿನ ವೈಟ್‌ಫೀಲ್ಡಿಗೂ ಈ ಬೋಧಕರಿಗೂ ಸಂಬಂಧವಿಲ್ಲ; ಅದು ಆಂಗ್ಲೋ ಇಂಡಿಯನ್ ಮುಖಂಡರಾಗಿದ್ದ ಡಿ.ಎಸ್. ವೈಟ್ ಅವರ ಹೆಸರು.) ವೆಸ್ಲಿಯವರಿಗೂ ನಮಗೂ ಇರುವ ನಂಟು ಮಾತ್ರ ನಿಜವಾದದ್ದು. ಅವರ ಹೆಸರಿನ ಮಿಷನ್ ಹಳೆಯ ಮೈಸೂರು ಸೀಮೆಯಲ್ಲಿ ಸಭೆ, ಶಾಲೆಗಳನ್ನು ಕಟ್ಟಿತು. ಮೈಸೂರಿನ ವೆಸ್ಲಿ ಪ್ರೆಸ್ಸಿನ ಹೆಸರು ಕನ್ನಡ ಪುಸ್ತಕ ಹಿಡಿದ ಹಳಬರಿಗೆಲ್ಲ ಪರಿಚಿತ. 1947ರಲ್ಲಿ ದಕ್ಷಿಣ ಇಂಡಿಯಾ ಸಭೆ ಆದಾಗ ಆ ಪರಂಪರೆ ಅದರೊಳಗೆ ಬಂದು ಸೇರಿತು.

ವೆಸ್ಲಿ ಹುಟ್ಟಿದ್ದು 1703ರಲ್ಲಿ, ಎಪ್‌ವರ್ತ್‌ನ ಪಾದ್ರಿಯ ಮನೆಯಲ್ಲಿ. ವೈಟ್‌ಫೀಲ್ಡ್ ಹನ್ನೊಂದು ವರ್ಷ ಕಿರಿಯರು, ಗ್ಲೌಸ್ಟರ್ ಊರಿನ ಒಂದು ಛತ್ರದ ಒಡೆಯರ ಮಗ, ಆಕ್ಸ್‌ಫರ್ಡಿನಲ್ಲಿ ಶ್ರೀಮಂತ ಹುಡುಗರ ಚಾಕರಿ ಮಾಡಿಕೊಂಡು ಓದಿದವರು. ಅಲ್ಲಿ ವೆಸ್ಲಿ ಸಹೋದರರ ಪ್ರಾರ್ಥನಾ ಕೂಟದಲ್ಲಿ ಅವರಿಗೆ ಸ್ನೇಹ ಸಿಕ್ಕಿತು. ವಯಸ್ಸಿನಲ್ಲಿ ಚಿಕ್ಕವರಾದರೂ ಬಯಲಿಗೆ ಮೊದಲು ಇಳಿದವರು ವೈಟ್‌ಫೀಲ್ಡ್. 1739ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿಯವರಿಗೆ ಬಯಲಿನಲ್ಲೇ ನಿಂತು ಬೋಧಿಸಿದರು. ತಾನು ಅಮೆರಿಕಕ್ಕೆ ಹೊರಡಬೇಕಾದ್ದರಿಂದ ಆ ಕೆಲಸ ನೋಡಿಕೊಳ್ಳಲು ವೆಸ್ಲಿಯವರನ್ನು ಕರೆಸಿದರು. ದೇವಾಲಯದ ಹೊರಗೆ ಆತ್ಮಗಳನ್ನು ರಕ್ಷಿಸುವುದೇ ಪಾಪವೇನೋ ಎಂಬಷ್ಟು ಮಡಿವಂತರಾಗಿದ್ದ ವೆಸ್ಲಿ ಏಪ್ರಿಲ್ ಮೊದಲ ವಾರದಲ್ಲಿ ಬಯಲಿಗೆ ಇಳಿದರು. ಅಂದರೆ ವೆಸ್ಲಿಯವರು ಬ್ರಿಸ್ಟಲ್‌ನಲ್ಲಿ ನಿಂತದ್ದು ಗೆಳೆಯರು ಒಪ್ಪಿಸಿದ ಮಂದೆಯ ಮುಂದೆ. ಇದನ್ನು ಮರೆಯಬೇಡಿ.

ಆ ತಿಂಗಳು ಮುಗಿಯುವುದರೊಳಗೆ ಅವರು ಅದೇ ಊರಿನಲ್ಲಿ ಪೂರ್ವನೇಮಕದ ವಿರುದ್ಧ ಬೋಧಿಸಿದರು. ರಕ್ಷಣೆ ಹೊಂದುವವರು ಇಂಥವರೇ ಎಂದು ದೇವರು ಲೋಕಾದಿಯಿಂದಲೇ ಆರಿಸಿಟ್ಟಿದ್ದಾನೆ ಎಂಬುದು ವೈಟ್‌ಫೀಲ್ಡ್ ಹಿಡಿದಿದ್ದ ಸಿದ್ಧಾಂತ. ಕ್ರಿಸ್ತನು ಎಲ್ಲರಿಗಾಗಿ ಸತ್ತನು, ಯಾರು ಬೇಕಾದರೂ ಬರಬಹುದು ಎಂಬುದು ವೆಸ್ಲಿಯವರ ಪಕ್ಷ. ಬೋಧಿಸಬೇಕೋ ಬೇಡವೋ ಎಂದು ಗೊತ್ತಾಗದೆ ಅವರು ಚೀಟು ಹಾಕಿದ್ದರು. ಬೋಧಿಸು, ಅಚ್ಚು ಹಾಕಿಸು ಎಂಬ ಚೀಟು ಬಂದಿತ್ತು. ಸುದ್ದಿ ತಿಳಿದ ವೈಟ್‌ಫೀಲ್ಡ್ ಬೇಸಿಗೆಯಲ್ಲಿ ಪತ್ರ ಬರೆದು ಬೇಡಿಕೊಂಡರು: ಅಚ್ಚು ಹಾಕಿಸಬೇಡಿ, ಈಗಾಗಲೇ ನಮ್ಮಿಬ್ಬರಲ್ಲಿ ಒಡಕು ಎಂಬ ಗುಲ್ಲು ಹಬ್ಬಿದೆ, ಇಬ್ಬರೂ ಸುಮ್ಮನಿರುವುದೇ ಮೇಲು. ಆಗಸ್ಟ್‌ನಲ್ಲಿ ಅವರು ಹಡಗು ಹತ್ತಿದರು. ಪ್ರಸಂಗ ಅಚ್ಚಾಯಿತು.

ಇಲ್ಲಿ ಯಾರ ಕಡೆ ನಿಲ್ಲೋಣ? ನಮ್ಮಲ್ಲಿ ಬಹಳ ಮಂದಿಗೆ ವೈಟ್‌ಫೀಲ್ಡ್ ಕೃಪೆಯ ಪಕ್ಷ, ವೆಸ್ಲಿ ಸತ್ಯದ ಪಕ್ಷ ಎಂದು ಕಾಣುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಸಾವಿರಾರು ಜನ ಕೇಳುವ ಬೋಧನೆ ತಪ್ಪು ಎಂದು ಮನಸ್ಸಾಕ್ಷಿ ಹೇಳುತ್ತಿದ್ದರೆ, ಗೆಳೆತನದ ದಾಕ್ಷಿಣ್ಯಕ್ಕೆ ಸುಮ್ಮನಿರುವುದು ಆ ಸಾವಿರಾರು ಜನಕ್ಕೆ ಮಾಡುವ ಅನ್ಯಾಯ. ವೆಸ್ಲಿಯವರ ಮುನ್ನುಡಿ ಓದಿದರೆ ಇನ್ನೊಂದು ಅಂಶ ಎದ್ದು ಕಾಣುತ್ತದೆ: ಉತ್ತರ ಕೊಡುವವರು ಪ್ರೀತಿಯಿಂದ, ಸಾತ್ವಿಕತೆಯಿಂದ ಕೊಡಲಿ ಎಂದು ಅವರು ಮೊದಲೇ ಕೇಳಿಕೊಂಡಿದ್ದಾರೆ. ಗೆಳೆಯರ ಹೆಸರನ್ನು ಎಲ್ಲೂ ಎತ್ತಿಲ್ಲ. ಹೀಗೆ ಮುನ್ನುಡಿಯಲ್ಲಿ ಸಾತ್ವಿಕತೆ ಬೇಡಿದವರು ಒಳಗೆ, ಈ ಸಿದ್ಧಾಂತ ದೇವರನ್ನು ಸೈತಾನನಿಗಿಂತ ಕ್ರೂರಿಯನ್ನಾಗಿ ಮಾಡುತ್ತದೆ ಎಂಬರ್ಥದ ಮಾತು ಬರೆದಿದ್ದಾರೆ. ಕಟುವಾದ ಮಾತು, ನಿಜ. ಆದರೂ ಅದು ಸಿದ್ಧಾಂತದ ಮೇಲಿನ ಮಾತು. ವಾದಕ್ಕೆ ವಾದ ಕೊಟ್ಟು ಎದುರಿಸಬಹುದಾದದ್ದು. ನನಗೆ ಇರಿಸುಮುರಿಸು ಆಗುವುದು ಕಟುತನದಿಂದಲ್ಲ, ಹೊತ್ತು ನೋಡಿ ಹಾಕಿದ ಹಾಗಿರುವ ಆ ಅಚ್ಚಿನಿಂದ. ಎದುರಾಳಿ ಸಮುದ್ರದಾಚೆ, ಉತ್ತರ ಬರಲು ತಿಂಗಳುಗಳು ಬೇಕು. ಅಷ್ಟರಲ್ಲಿ ಅವರೇ ಕರೆದುಕೂಡಿಸಿದ ಜನರ ಕೈಗೆ ಪುಸ್ತಕ ಬಂದಾಗಿತ್ತು.

ಉತ್ತರ ಬಂತು. 1740ರ ಡಿಸೆಂಬರ್ 24ನೇ ತಾರೀಕು ಹಾಕಿದ ಪತ್ರ ಅದು, ಅಮೆರಿಕದ ಜಾರ್ಜಿಯಾದಲ್ಲಿ ಅವರು ಕಟ್ಟಿಸುತ್ತಿದ್ದ ಬೆಥೆಸ್ಡ ಅನಾಥಾಲಯದಿಂದ ಬರೆದದ್ದು. 1741ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನಿನೆವೆಗೆ ಹೋಗಲು ಯೋನನಿಗೆ ಎಷ್ಟು ಮನಸ್ಸಿರಲಿಲ್ಲವೋ ನಿಮ್ಮ ವಿರುದ್ಧ ಲೇಖನಿ ಹಿಡಿಯಲು ನನಗೆ ಅಷ್ಟೂ ಮನಸ್ಸಿಲ್ಲ ಎಂದು ಶುರುಮಾಡುತ್ತಾರೆ. ಮುಖಪುಟದಲ್ಲಿ ಒಂದು ವಚನ: ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ, ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಮುಖಾಮುಖಿ ಎದುರಿಸಿದ ಪ್ರಸ್ತಾಪ.

ಬೋಧಕರನ್ನು ಬಹಿರಂಗವಾಗಿ ಟೀಕಿಸುವವರೆಲ್ಲರ ಅಚ್ಚುಮೆಚ್ಚಿನ ವಚನ ಇದು. ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಪೇತ್ರನು ಅನ್ಯಜನರ ಜೊತೆ ಊಟಕ್ಕೆ ಕೂರುತ್ತಿದ್ದವನು, ಯಾಕೋಬನ ಕಡೆಯವರು ಬಂದ ಮೇಲೆ ಹಿಂದೆ ಸರಿದ. ಅವನನ್ನು ನೋಡಿ ಬೇರೆಯವರೂ ಸರಿದರು, ಬಾರ್ನಬನೂ ಸರಿದ. ಎಲ್ಲರ ಕಣ್ಣೆದುರಿಗೆ ಆದ ತಪ್ಪು, ಎಲ್ಲರನ್ನೂ ಎಳೆದುಕೊಂಡು ಹೋಗುತ್ತಿದ್ದ ತಪ್ಪು. ಅದಕ್ಕೇ ಪೌಲನು ಎಲ್ಲರ ಮುಂದೆ ಹೇಳಿದ. ಇದೇ ಸತ್ಯವೇದದಲ್ಲಿ ಅಪೊಲ್ಲೋಸನ ಕಥೆಯೂ ಇದೆ. ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನವಷ್ಟೇ. ಅರ್ಧಂಬರ್ಧ ತಿಳಿದು ಸಭಾಮಂದಿರದಲ್ಲಿ ಬೋಧಿಸುತ್ತಿದ್ದವನನ್ನು ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿ ಬೇರೆಯಾಗಿ ಕರೆದುಕೊಂಡು ಹೋಗಿ ತಿದ್ದಿದರು. ತಿಳಿಯದೆ ತಪ್ಪಿದವನಿಗೆ ಮನೆಯ ಜಗಲಿ, ತಿಳಿದೂ ಜನರನ್ನು ಎಳೆದವನಿಗೆ ಸಭೆಯ ನಡು. ಇಷ್ಟು ನಮ್ಮಲ್ಲಿ ಹಲವರು ಹೇಳುತ್ತಾರೆ. ಹೇಳದೆ ಬಿಡುವುದು ಇನ್ನೊಂದನ್ನು. ಪೌಲನ ಕೈಯಲ್ಲಿ ಪೇತ್ರನ ವಿರುದ್ಧ ಎಂಥ ಅಸ್ತ್ರವಿತ್ತು ಯೋಚಿಸಿ! ಮಹಾಯಾಜಕನ ಅಂಗಳದಲ್ಲಿ, ಕೋಳಿ ಕೂಗುವ ಮುಂಚೆ, ಮೂರು ಸಾರಿ ಕರ್ತನನ್ನು ಅರಿಯೆನೆಂದವನು ಈ ಪೇತ್ರ. ಅಂದೂ ಹೆದರಿದೆ, ಇಂದೂ ಹೆದರಿದೆ ಎಂದು ಒಂದು ಮಾತು ಸೇರಿಸಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಗಲಾತ್ಯ ಪತ್ರದಲ್ಲಿ ಆ ಮಾತಿಲ್ಲ. ಊಟದ ಪಂಕ್ತಿಯ ವಿಷಯ ಬಿಟ್ಟು ಪೌಲನು ಆಚೀಚೆ ಹೋಗುವುದಿಲ್ಲ.

ವೈಟ್‌ಫೀಲ್ಡ್ ಆಚೀಚೆ ಹೋದರು. ಮುಖಪುಟದಲ್ಲಿ ಅಂತಿಯೋಕ್ಯವನ್ನು ಹಾಕಿದವರು ಒಳಪುಟದಲ್ಲಿ ಬ್ರಿಸ್ಟಲ್‌ನ ಚೀಟಿನ ಕಥೆಯನ್ನು ಬಯಲು ಮಾಡಿದರು. ಅದರ ಜೊತೆಗೆ ಇನ್ನೂ ಹಳೆಯ, ಇನ್ನೂ ಖಾಸಗಿಯಾದ ಒಂದು ಸಂಗತಿಯನ್ನೂ ಎತ್ತಿದರು. 1738ರ ಫೆಬ್ರವರಿಯಲ್ಲಿ ವೆಸ್ಲಿ ಜಾರ್ಜಿಯಾದ ಬೋಧನೆಯ ಕೆಲಸದಲ್ಲಿ ಸೋತು ಹಿಂದಿರುಗಿ ಡೀಲ್ ಬಂದರಿಗೆ ಬಂದಾಗ ವೈಟ್‌ಫೀಲ್ಡರ ಹಡಗು ಅದೇ ಜಾರ್ಜಿಯಾಕ್ಕೆ ಹೊರಟಿತ್ತು. ಗೆಳೆಯ ಹೋಗಬೇಕೋ ಬೇಡವೋ ಎಂದು ವೆಸ್ಲಿ ಚೀಟು ಹಾಕಿ, ಲಂಡನ್ನಿಗೆ ಹಿಂದಿರುಗಲಿ ಎಂದು ಬಂದ ಕಾಗದವನ್ನು ಕಳಿಸಿದ್ದರು. ವೈಟ್‌ಫೀಲ್ಡ್ ಪ್ರಾರ್ಥಿಸಿ, ಹಿಂದಿರುಗದೆ ಪ್ರಯಾಣ ಮುಂದುವರಿಸಿದ್ದರು. ಇದು ಇಬ್ಬರಿಗೆ ಮತ್ತು ದೇವರಿಗೆ ಮಾತ್ರ ಗೊತ್ತಿದ್ದ ವಿಷಯ. ಆ ಚೀಟು ಸುಳ್ಳಾಯಿತು, ಈ ಚೀಟೂ ಸುಳ್ಳೇ ಎಂದು ತೋರಿಸಲು ಅದನ್ನು ಅಚ್ಚಿಗೆ ಹಾಕಿದರು. ನಗುವವರಿಗೆ ವಸ್ತು ಸಿಕ್ಕಿತು. ಪೂರ್ವನೇಮಕದ ಮಾತು ಬರುವ, ರೋಮಾಪುರದವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದ ಅರ್ಥವೇನು ಎಂಬ ಮೂಲ ಪ್ರಶ್ನೆ ಒಂದಿಂಚೂ ಮುಂದೆ ಸರಿಯಲಿಲ್ಲ.

ಈ ಪತ್ರ ಅಚ್ಚಾಗುವ ಸ್ವಲ್ಪ ಮುಂಚೆ ನಡೆದ ಇನ್ನೊಂದು ಘಟನೆಯನ್ನು ವೆಸ್ಲಿಯವರು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಲಂಡನ್ನಿನ ಮೂರ್‌ಫೀಲ್ಡ್ಸ್‌ನಲ್ಲಿ ಹಿಂದೆ ಸರ್ಕಾರದ ಫಿರಂಗಿ ಎರಕ ಹೊಯ್ಯುತ್ತಿದ್ದ, ಸ್ಫೋಟದಿಂದ ಪಾಳುಬಿದ್ದ ಒಂದು ಕಟ್ಟಡವಿತ್ತು; ಫೌಂಡರಿ ಎಂದೇ ಹೆಸರು. ಅದನ್ನು ಅವರು ದುರಸ್ತಿ ಮಾಡಿಸಿ ಆರಾಧನೆಗೆ ಬಳಸುತ್ತಿದ್ದರು. 1741ರ ಫೆಬ್ರವರಿ 1, ಭಾನುವಾರ. ವೈಟ್‌ಫೀಲ್ಡ್ ತಮಗೆ ಬರೆದಿದ್ದ ಒಂದು ಖಾಸಗಿ ಪತ್ರವನ್ನು ಯಾರೋ, ಇವರಿಬ್ಬರ ಅಪ್ಪಣೆಯೂ ಇಲ್ಲದೆ, ಅಚ್ಚು ಹಾಕಿಸಿ ಬಾಗಿಲಲ್ಲೂ ಒಳಗೂ ಜನರಿಗೆ ಹಂಚುತ್ತಿದ್ದರು. ವೆಸ್ಲಿಯವರ ಕೈಗೂ ಒಂದು ಪ್ರತಿ ಬಂತು. ಪ್ರಸಂಗ ಮುಗಿಸಿ ಅವರು ಇದ್ದದ್ದನ್ನು ಇದ್ದ ಹಾಗೆ ಸಭೆಗೆ ಹೇಳಿದರು: ಇದು ಖಾಸಗಿ ಪತ್ರ, ಬರೆದವರನ್ನು ಕೇಳದೆ ಅಚ್ಚಾದದ್ದು, ವೈಟ್‌ಫೀಲ್ಡರೇ ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದರೆಂದು ನಂಬಿದ್ದೇನೋ ಅದನ್ನೇ ಮಾಡುತ್ತೇನೆ. ಹಾಗೆಂದು ಎಲ್ಲರೆದುರಿಗೆ ಅದನ್ನು ಚೂರುಚೂರು ಮಾಡಿದರು. ಪ್ರತಿ ಸಿಕ್ಕಿದವರೆಲ್ಲರೂ ಹಾಗೆಯೇ ಹರಿದರು. ಎರಡು ನಿಮಿಷದಲ್ಲಿ ಇಡೀ ಪ್ರತಿ ಒಂದೂ ಉಳಿಯಲಿಲ್ಲವಂತೆ.

ಇದನ್ನು ಕೃಪೆಯ ದೃಷ್ಟಾಂತವೆಂದು ಭಾನುವಾರ ಶಾಲೆಯಲ್ಲಿ ಹೇಳುವುದುಂಟು. ನನಗೆ ಇದು ಅಷ್ಟೇ ಸತ್ಯದ ದೃಷ್ಟಾಂತ. ಪತ್ರದಲ್ಲಿದ್ದದ್ದು ತನ್ನ ವಿರುದ್ಧದ ಮಾತು. ಕದ್ದು ಅಚ್ಚು ಹಾಕಿದ್ದಾರೆ ಎಂದು ಗೆಳೆಯರ ಮೇಲೆಯೇ ಅನುಮಾನ ಹೊರಿಸುವ ಅವಕಾಶ ವೆಸ್ಲಿಯವರಿಗಿತ್ತು. ಜನ ನಂಬುತ್ತಿದ್ದರು. ಅವರು ಹೇಳಿದ್ದು ವೈಟ್‌ಫೀಲ್ಡ್ ಈ ಕೆಲಸ ಮಾಡುವವರಲ್ಲ ಎಂದು. ಎದುರಾಳಿಯ ಬಗ್ಗೆ ತನಗೆ ಗೊತ್ತಿದ್ದದ್ದನ್ನು, ಅದು ತನಗೆ ಅನುಕೂಲವಲ್ಲದಿದ್ದರೂ, ಹೇಳಿದರು. ಆ ಕ್ಷಣದಲ್ಲಿ ಇಲ್ಲಿಯವರೆಗೆ ಕೃಪೆ, ಇಲ್ಲಿಂದ ಸತ್ಯ ಎಂದು ಗೆರೆ ಎಳೆಯಿರಿ ನೋಡೋಣ, ನನ್ನಿಂದಂತೂ ಆಗುವುದಿಲ್ಲ.

ಆದರೆ ಇದೇ ವೆಸ್ಲಿ ಸರಿಯಾಗಿ ಮೂರು ವಾರಗಳ ಮೇಲೆ, ಫೆಬ್ರವರಿ 22ರಂದು, ಸಭೆಯ ಮುಂದೆ ಮತ್ತೊಬ್ಬರ ಪತ್ರವನ್ನು ಗಟ್ಟಿಯಾಗಿ ಓದಿದರು. ಕಿಂಗ್ಸ್‌ವುಡ್‌ನಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಜಾನ್ ಸೆನ್ನಿಕ್ ವೈಟ್‌ಫೀಲ್ಡರ ಪಕ್ಷಕ್ಕೆ ವಾಲಿದ್ದರು. ನಾನು ನಿಮ್ಮ ಬೆನ್ನ ಹಿಂದೆ ದೂರು ಹೇಳಿದವನಲ್ಲ ಎಂದು ಸೆನ್ನಿಕ್ ಎಂದಾಗ, ಅವರು ವೈಟ್‌ಫೀಲ್ಡರಿಗೆ ಬರೆದಿದ್ದ ಪತ್ರವನ್ನೇ ವೆಸ್ಲಿ ತೆಗೆದು ಓದಿ, ನೀವೇ ತೀರ್ಪು ಹೇಳಿ ಎಂದು ಜನರಿಗೆ ಬಿಟ್ಟರು. ಸೆನ್ನಿಕ್ ಎದ್ದು ನಿಂತು, ಪತ್ರ ನನ್ನದೇ, ಅದರಲ್ಲಿ ಒಂದು ಮಾತನ್ನೂ ಹಿಂತೆಗೆದುಕೊಳ್ಳುವುದಿಲ್ಲ ಎಂದರು. ವಾರ ಕಳೆಯುವಷ್ಟರಲ್ಲಿ ಅವರನ್ನೂ ಇನ್ನು ಕೆಲವರನ್ನೂ ಸಭೆಯಿಂದ ಹೊರಗೆ ಹಾಕಿದ ಪ್ರಕಟಣೆ ಬಂತು. ಹಾಕಿದ್ದು ಅಭಿಪ್ರಾಯಕ್ಕಲ್ಲ, ಚಾಡಿ, ಹಿಂದಾಡುವಿಕೆ, ಕಪಟಗಳಿಗೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ತತ್ತ್ವವಾಗಿ ಇದು ಒಪ್ಪುವ ಮಾತು. ಕಾರ್ಯರೂಪದಲ್ಲಿ? ಹೊರಗೆ ಹೋದವರೆಲ್ಲರೂ ಒಂದೇ ಅಭಿಪ್ರಾಯದವರಾಗಿದ್ದಾಗ, ಅಭಿಪ್ರಾಯಕ್ಕೆ ಹಾಕಲಿಲ್ಲ ಎಂಬುದನ್ನು ಅವರಿಗೆ ನಂಬಿಸುವುದು ಯಾವ ಕಾಲದಲ್ಲೂ ಕಷ್ಟ. ಸಭೆಯ ಅಧಿಕಾರ ಟೀಕೆಯನ್ನು ಎದುರಿಸುವಾಗಲೆಲ್ಲ ಈ ತೊಡಕು ಇದ್ದೇ ಇರುತ್ತದೆ. ನಮ್ಮ ಪ್ಯಾಸ್ಟರೇಟ್ ಕಮಿಟಿಗಳಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಾರ್ಚ್ ತಿಂಗಳಲ್ಲಿ ವೈಟ್‌ಫೀಲ್ಡ್ ಲಂಡನ್ನಿಗೆ ಬಂದರು. ವೆಸ್ಲಿ ಹೋಗಿ ಕಂಡರು. ನೀವು ಸಾರುವುದೂ ನಾನು ಸಾರುವುದೂ ಎರಡು ಬೇರೆ ಸುವಾರ್ತೆಗಳು, ನಿಮಗೆ ಬಲಗೈ ಕೊಡಲಾರೆ, ಎಲ್ಲಿ ಬೋಧಿಸಿದರೂ ನಿಮ್ಮ ವಿರುದ್ಧ ಬೋಧಿಸುತ್ತೇನೆ ಎಂದರು ಆ ಇಪ್ಪತ್ತಾರರ ಯುವಕ. ಏಪ್ರಿಲ್ ಮೊದಲ ವಾರದಲ್ಲಿ ವೆಸ್ಲಿ ತಮ್ಮ ಆಕ್ಷೇಪಗಳನ್ನು ನೇರವಾಗಿ ಹೇಳಿದರು. ಪೂರ್ವನೇಮಕದ ಪರವಾಗಿ ನೀವು ಬರೆಯಬಹುದಿತ್ತು, ನನ್ನನ್ನು ಮುಟ್ಟದೆಯೇ ಬರೆಯಬಹುದಿತ್ತು. ನನ್ನ ಎಂಟು ವಾದಗಳಲ್ಲಿ ನಾಲ್ಕನ್ನು ನೀವು ಮುಟ್ಟಿಯೇ ಇಲ್ಲ, ಉಳಿದ ನಾಲ್ಕನ್ನು ಕೈ ಸುಟ್ಟೀತೆಂಬಂತೆ ಮೆಲ್ಲಗೆ ಮುಟ್ಟಿದ್ದೀರಿ. ವಿಷಯಕ್ಕೆ ಸಂಬಂಧವೇ ಇಲ್ಲದ್ದನ್ನು ಮಾತ್ರ ಬೇಕಾದಷ್ಟು ಹೇಳಿ ಒಡಕನ್ನು ಬಹಿರಂಗ ಮಾಡಿದ್ದೀರಿ.

ನಾನು ಈ ಉಪನ್ಯಾಸದಲ್ಲಿ ಹೇಳಬೇಕೆಂದಿರುವುದು ಈ ಆಕ್ಷೇಪದೊಳಗಿದೆ. ವೈಟ್‌ಫೀಲ್ಡ್ ಎಲ್ಲಿ ಕೃಪೆ ತಪ್ಪಿದರೋ ಅಲ್ಲಿಯೇ ಸತ್ಯವನ್ನೂ ತಪ್ಪಿದ್ದರು. ನಾಲ್ಕು ವಾದಗಳಿಗೆ ಉತ್ತರವಿಲ್ಲದ ಜಾಗದಲ್ಲಿ ಚೀಟಿನ ಕಥೆ ಬಂದು ಕೂತಿತ್ತು. ವ್ಯಕ್ತಿಯ ಗುಟ್ಟು ಬಯಲಿಗೆ ಬರುವುದು ಬಹಳ ಸಲ ವಾದ ಬತ್ತಿದ ಕಡೆಯಲ್ಲಿ. ಓದುವವನಿಗೆ ಮಾತ್ರ ವಾದ ಗೆದ್ದ ಹಾಗೆ ಭಾಸವಾಗುತ್ತದೆ. ಮೋಸ ಇರುವುದು ಅಲ್ಲಿ. ದನಿ ಮೆತ್ತಗಿತ್ತೋ ಗಡುಸಾಗಿತ್ತೋ ಎಂಬುದು ನನಗೆ ಎರಡನೆಯ ಪ್ರಶ್ನೆ. ಆ ಪತ್ರ ಬಹುಪಾಲು ಮೆತ್ತಗಿನ ದನಿಯಲ್ಲೇ ಇದೆ, ಕಣ್ಣೀರೂ ಇದೆ, ಅಣ್ಣನೆಂಬ ಗೌರವವೂ ಇದೆ. ಗಾಯ ಮಾಡಿದ್ದು ಅದೇ ಪತ್ರ.

ಇದು ಅವರಿಗೇ ಆಮೇಲೆ ಅರ್ಥವಾಯಿತು. ವೆಸ್ಲಿಯವರ ಕ್ಷಮೆ ಕೇಳಿದರು. 1749ರಲ್ಲಿ, ಮೆಥೊಡಿಸ್ಟರನ್ನು, ಅಂದರೆ ಇವರಿಬ್ಬರ ಅನುಯಾಯಿಗಳನ್ನು, ಹೀಯಾಳಿಸಿ ಬಂದ ಒಂದು ಪುಸ್ತಕಕ್ಕೆ ಉತ್ತರ ಬರೆಯುವಾಗ, ಚೀಟಿನ ಖಾಸಗಿ ವಿಷಯವನ್ನು ಲೋಕಕ್ಕೆ ತಿಳಿಸಿದ್ದು ತನ್ನ ತಪ್ಪು, ದೇವರೂ ವೆಸ್ಲಿಯೂ ಕ್ಷಮಿಸಿದ್ದಾರೆಂದು ನಂಬಿದ್ದೇನೆ, ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ ಎಂಬರ್ಥದಲ್ಲಿ ಅಚ್ಚಿನಲ್ಲೇ ಒಪ್ಪಿಕೊಂಡರು. ಗಮನಿಸಿ, ಅವರು ಪೂರ್ವನೇಮಕವನ್ನು ಬಿಡಲಿಲ್ಲ, ವೆಸ್ಲಿಯವರ ಸಿದ್ಧಾಂತ ಸರಿ ಎನ್ನಲಿಲ್ಲ. ಹಿಂತೆಗೆದುಕೊಂಡದ್ದು ಗುಟ್ಟನ್ನು ಬಯಲು ಮಾಡಿದ್ದನ್ನು ಮಾತ್ರ.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ. ಇಬ್ಬರೂ ಮತ್ತೆ ಸ್ನೇಹಿತರಾದರು, ಬೇರೆ ಬೇರೆ ಸಭೆಗಳಲ್ಲೇ ಉಳಿದರು. 1770ರ ಸೆಪ್ಟೆಂಬರ್ 30ರಂದು ವೈಟ್‌ಫೀಲ್ಡ್ ಮ್ಯಾಸಚೂಸೆಟ್ಸ್‌ನ ನ್ಯೂಬರಿಪೋರ್ಟಿನಲ್ಲಿ ತೀರಿಕೊಂಡರು. ನವೆಂಬರ್ 18ರಂದು ಲಂಡನ್ನಿನ ಅವರದೇ ದೇವಾಲಯಗಳಲ್ಲಿ ಸಂಸ್ಕಾರದ ಪ್ರಸಂಗ ಮಾಡಿದವರು ವೆಸ್ಲಿ. ಅರಣ್ಯಕಾಂಡದ 23ನೇ ಅಧ್ಯಾಯದ, ನೀತಿವಂತನ ಮರಣದ ಕುರಿತ ವಚನ ಹಿಡಿದು ಮಾತಾಡಿದರು. ಹೊಸ ಹುಟ್ಟು, ನಂಬಿಕೆಯಿಂದ ನೀತಿವಂತರೆಂಬ ನಿರ್ಣಯ, ಇವೇ ವೈಟ್‌ಫೀಲ್ಡರ ಮೂಲ ಬೋಧನೆಗಳೆಂದರು. ಪೂರ್ವನೇಮಕವನ್ನು ಹಿಡಿದ ಕ್ಯಾಲ್ವಿನ್ ಪಕ್ಷದ ಗಾಸ್ಪೆಲ್ ಮ್ಯಾಗಜೀನ್ ಅದನ್ನೂ ಬಿಡಲಿಲ್ಲ: ಆಯ್ಕೆಯ ಸಿದ್ಧಾಂತದ ಮಾತೆಲ್ಲಿ, ವಚನವಾದರೂ ಸುಳ್ಳುಪ್ರವಾದಿ ಬಿಳಾಮನದು ಎಂದು ಆಕ್ಷೇಪಿಸಿತು. ಆ ಪತ್ರಿಕೆಯ ಧಾಟಿ ನನಗೆ ಹಿಡಿಸದು. ಹಾಗಂತ ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾರೆ. ಸತ್ತವರು ಜೀವವಿಡೀ ಎತ್ತಿ ಹಿಡಿದದ್ದನ್ನು ಅವರ ಸಂಸ್ಕಾರದಲ್ಲಿ ಸುಮ್ಮನೆ ದಾಟಿಬಿಡುವುದು ಸೌಜನ್ಯ ಹೌದು, ಅವರ ನಿಜವಾದ ಚಿತ್ರ ಪೂರ್ತಿಯಾಗಿ ಅಲ್ಲ.

ಅದೇ 1770ರಲ್ಲಿ ವೆಸ್ಲಿ ಮಾಡಿದ ಇನ್ನೊಂದು ಕೆಲಸಕ್ಕೆ ಸೌಜನ್ಯದ ನೆಪವೂ ಇಲ್ಲ. ಡೆವನ್ ಸೀಮೆಯ ಪಾದ್ರಿ ಅಗಸ್ಟಸ್ ಟಾಪ್ಲೇಡಿ, ರಾಕ್ ಆಫ್ ಏಜಸ್ ಗೀತೆ ಬರೆದವರು, ಪೂರ್ವನೇಮಕದ ಬಗ್ಗೆ ಜಾಂಕಿಯಸ್ ಎಂಬ ಹಳೆಯ ದೈವಶಾಸ್ತ್ರಿಯ ಗ್ರಂಥವನ್ನು ಇಂಗ್ಲಿಷಿಗೆ ತಂದಿದ್ದರು. ವೆಸ್ಲಿ ಅದನ್ನು ಸಂಕ್ಷೇಪಿಸಿ ಅಚ್ಚು ಹಾಕಿಸಿದರು. ಕೊನೆಯಲ್ಲಿ ತಮ್ಮದೇ ಒಂದು ಸಾರಾಂಶ ಸೇರಿಸಿದರು: ಇಪ್ಪತ್ತು ಜನರಲ್ಲಿ ಒಬ್ಬ ಆರಿಸಲ್ಪಟ್ಟವನು, ಅವನು ಏನು ಮಾಡಿದರೂ ರಕ್ಷಣೆ, ಹತ್ತೊಂಬತ್ತು ಜನ ಏನು ಮಾಡಿದರೂ ನಾಶ. ಅದರ ಕೆಳಗೆ ಸಾಕ್ಷಿ ರುಜು ಎಂಬಂತೆ ಟಾಪ್ಲೇಡಿಯವರ ಹ್ರಸ್ವಾಕ್ಷರಗಳನ್ನು ಹಾಕಿದರು. ಗೇಲಿ ಎಂದು ಬಲ್ಲವರಿಗೆ ಗೊತ್ತಾಗುತ್ತಿತ್ತು. ಆದರೆ ಆಡದ ಮಾತಿಗೆ ರುಜು ಹಾಕಿಸಿದ ಹಾಗಾಯಿತು. ಟಾಪ್ಲೇಡಿ ಸಿಡಿದೆದ್ದರು. ಮುಂದಿನ ವರ್ಷಗಳಲ್ಲಿ ಅವರು ಎಪ್ಪತ್ತರ ವೆಸ್ಲಿಯವರನ್ನು ಹಳೇ ನರಿ ಎಂದು ಪುಸ್ತಕದ ಶೀರ್ಷಿಕೆಯಲ್ಲೇ ಕರೆದರು. ಫೌಂಡರಿಯಲ್ಲಿ ಎದುರಾಳಿಯ ಪರವಾಗಿ ನಿಜ ನುಡಿದ ಬಾಯಿ ಇಲ್ಲಿ ಎದುರಾಳಿಯ ಬಾಯಿಗೆ ಮಾತು ತುರುಕಿತು. ಇಲ್ಲಿ ತಪ್ಪಿದ್ದು ಕೃಪೆಯೋ ಸತ್ಯವೋ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಒಂದೇ ಉತ್ತರ: ಬೇರೆ ಮಾಡಿ ತೋರಿಸಿ.

ಅಚ್ಚಿನ ಬಗ್ಗೆ ಇನ್ನೊಂದು ಮಾತು. 1770ರ ಮೆಥೊಡಿಸ್ಟ್ ಕಾನ್ಫರೆನ್ಸಿನ ನಡಾವಳಿಯಲ್ಲಿ ಸತ್ಕ್ರಿಯೆಗಳ ಕುರಿತ ಕೆಲವು ವಾಕ್ಯಗಳು ಕ್ರಿಯೆಗಳಿಂದ ರಕ್ಷಣೆ ಎಂಬರ್ಥ ಕೊಡುವಂತಿದ್ದವು. ವಾಲ್ಟರ್ ಶರ್ಲಿ ಎಂಬ ಪಾದ್ರಿ, ಎಲ್ಲರೂ ಒಟ್ಟಾಗಿ ಬ್ರಿಸ್ಟಲ್‌ಗೆ ನುಗ್ಗಿ ವೆಸ್ಲಿಯವರಿಂದ ಇದನ್ನು ವಾಪಸ್ ತೆಗೆಸೋಣ ಎಂದು ಊರೂರಿಗೆ ಸುತ್ತೋಲೆ ಕಳಿಸಿದರು. 1771ರ ಆಗಸ್ಟ್‌ನಲ್ಲಿ ಅಲ್ಲಿ ಕಾನ್ಫರೆನ್ಸ್ ಸೇರುವಷ್ಟರಲ್ಲಿ ಅವರಿಗೆ ಸುತ್ತೋಲೆಯ ಧಾಟಿ ಅತಿಯಾಯಿತೆನ್ನಿಸಿತು, ವಿಷಾದ ಸೂಚಿಸಿದರು. ವೆಸ್ಲಿಯೂ 53 ಬೋಧಕರೂ ತಮ್ಮ ನಿಜವಾದ ನಿಲುವನ್ನು ಬರೆದು ರುಜು ಹಾಕಿದರು. ನಾನು ತಪ್ಪಾಗಿ ತಿಳಿದಿದ್ದೆ ಎಂದು ಶರ್ಲಿಯೂ ಬರೆದುಕೊಟ್ಟರು. ಇಂಥ ಮುಕ್ತಾಯ ನಮ್ಮ ಯಾವ ಸಭಾ ವ್ಯಾಜ್ಯಕ್ಕೂ ಸುಲಭವಾಗಿ ಸಿಗುವುದಿಲ್ಲ. ಆದರೆ ವೆಸ್ಲಿಯವರ ಪರವಾಗಿ ಜಾನ್ ಫ್ಲೆಚರ್ ಶರ್ಲಿಗೆ ಬರೆದಿದ್ದ ಐದು ಪತ್ರಗಳು ಆಗಲೇ ಪ್ರೆಸ್ಸಿನಲ್ಲಿದ್ದವು. ರಾಜಿಯಾದ ಸುದ್ದಿ ತಿಳಿದ ಫ್ಲೆಚರ್ ಅಚ್ಚು ನಿಲ್ಲಿಸಲು ಬಯಸಿದರು. ವೆಸ್ಲಿ ನಿಲ್ಲಿಸಲಿಲ್ಲ. ಪುಸ್ತಕ ಹೊರಬಂತು, ಶರ್ಲಿ ಉತ್ತರ ಕೊಟ್ಟರು, ಕ್ಯಾಲ್ವಿನ್ ಪಕ್ಷದ ಹಿಲ್ ಸಹೋದರರು ಸೇರಿಕೊಂಡರು, ವರ್ಷಗಟ್ಟಲೆ ಕಿರುಹೊತ್ತಿಗೆಗಳ ಮಳೆ. ಅಚ್ಚಿನ ಮೊಳೆ ಜೋಡಿಸಿ ಆಗಿದೆ ಎಂಬ ಕಾರಣಕ್ಕೆ ಎಷ್ಟು ಜಗಳಗಳು ಬದುಕಿಕೊಂಡಿವೆಯೋ! ಇಂದು ಮೊಳೆ ಜೋಡಿಸುವ ಶ್ರಮವೂ ಇಲ್ಲ. ಭಾನುವಾರ ಆಡಿದ ಮಾತಿನ ತುಣುಕು ಊಟದ ಹೊತ್ತಿಗೆ ಮೊಬೈಲಿನಿಂದ ಮೊಬೈಲಿಗೆ ಹೋಗಿರುತ್ತದೆ.

ನಮ್ಮ ಯುವಕರು ಬಂದು, ಪಾಸ್ಟರು ಹೀಗೆ ಬೋಧಿಸಿದರು, ಏನು ಮಾಡೋಣ ಎಂದು ಕೇಳಿದರೆ ನಾನು ಕೇಳುವುದು ಇಷ್ಟು: ಅವರು ಆಡಿದ ಮಾತನ್ನು ಅವರೇ ಕೇಳಿದರೆ, ಹೌದು ನಾನು ಹೇಳಿದ್ದು ಇದನ್ನೇ ಎಂದು ಒಪ್ಪುವ ಹಾಗೆ ನೀನು ಹೇಳಬಲ್ಲೆಯಾ? ತಿಮೊಥೆಗೆ ಬರೆದ ಮೊದಲನೇ ಪತ್ರ ಹಿರಿಯರ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳನ್ನು ಕೇಳುತ್ತದೆ. ದೂರು ಸಾಬೀತಾದರೆ ಎಲ್ಲರ ಮುಂದೆ ಗದರಿಸು ಎಂದೂ ಹೇಳುತ್ತದೆ. ಮೊದಲನೆಯದನ್ನು ಪಾಸ್ಟರುಗಳು ನೆನಪಿಟ್ಟುಕೊಳ್ಳುತ್ತಾರೆ, ಎರಡನೆಯದನ್ನು ಟೀಕಾಕಾರರು. ಅವು ಅಕ್ಕಪಕ್ಕದ ವಚನಗಳು.

ಇಷ್ಟರಲ್ಲಿ ನಿಲ್ಲಿಸಬಹುದಿತ್ತು. ಆದರೆ ವೈಟ್‌ಫೀಲ್ಡರ ಉಯಿಲಿನ ವಿಷಯ ಹೇಳದೆ ಹೋದರೆ ಈ ಕಥೆ ಅಪೂರ್ಣ. ಸಿದ್ಧಾಂತದಲ್ಲಿ ಭಿನ್ನಾಭಿಪ್ರಾಯವಿದ್ದರೂ ಹೃದಯದಲ್ಲಿ ಬಿಡಿಸಲಾಗದ ಐಕ್ಯದ ಗುರುತಾಗಿ ವೆಸ್ಲಿ ಸಹೋದರರಿಬ್ಬರಿಗೂ ಒಂದೊಂದು ಉಂಗುರವನ್ನು ಅವರು ಅದರಲ್ಲಿ ಬರೆದಿಟ್ಟರು. ಎಲ್ಲ ಚರಿತ್ರೆಗಳಲ್ಲೂ ಈ ಉಂಗುರಗಳ ಮಾತು ಬರುತ್ತದೆ. ಅದೇ ಉಯಿಲಿನಲ್ಲಿ ಬೆಥೆಸ್ಡ ಅನಾಥಾಲಯವನ್ನು ಕಟ್ಟಡ, ಜಮೀನು, ಕರಿಯ ಗುಲಾಮರ ಸಮೇತ ತಮ್ಮ ಪೋಷಕಿ ಹಂಟಿಂಗ್ಡನ್ ಕೌಂಟೆಸ್ ಅವರಿಗೆ ಬರೆದುಕೊಟ್ಟಿದ್ದಾರೆ. ಜಾರ್ಜಿಯಾದಲ್ಲಿ ಮೊದಲು ಗುಲಾಮಗಿರಿಗೆ ನಿಷೇಧವಿತ್ತು. ಅದನ್ನು ತೆಗೆಯಬೇಕೆಂದು ಒತ್ತಾಯಿಸಿದವರಲ್ಲಿ ವೈಟ್‌ಫೀಲ್ಡ್ ಒಬ್ಬರು. 1751ರಲ್ಲಿ ನಿಷೇಧ ಹೋಯಿತು. ಆ ವರ್ಷ ಬರೆದ ಒಂದು ಪತ್ರದಲ್ಲಿ, ಅಬ್ರಹಾಮನ ಮನೆಯಲ್ಲೂ ಕ್ರಯಕ್ಕೆ ಕೊಂಡ ದಾಸರಿದ್ದರು, ಬಿಸಿಲ ದೇಶಗಳಲ್ಲಿ ನೀಗ್ರೋಗಳಿಲ್ಲದೆ ಸಾಗುವಳಿ ಆಗದು ಎಂದು ವಾದಿಸುತ್ತಾರೆ. ಸತ್ಯವೇದವನ್ನೇ ಆಧಾರ ಹಿಡಿದು ಒಬ್ಬ ಬೋಧಕರು ಸಮರ್ಥಿಸಿದ್ದು ಇದು.

ಲೋಕಾದಿಗೆ ಮುಂಚೆ ದೇವರು ಯಾರನ್ನು ಆರಿಸಿದನೆಂಬುದಕ್ಕೆ ಆ ಗೆಳೆಯರು ಬೀದಿಗೆ ಬಂದು ಜಗಳವಾಡಿದರು. ಬೆಥೆಸ್ಡದ ಹೊಲದಲ್ಲಿ ದುಡಿಯುತ್ತಿದ್ದವರ ವಿಷಯ ಸಂಸ್ಕಾರದ ಪ್ರಸಂಗದಲ್ಲೂ ಬರಲಿಲ್ಲ. ಅನಾಥಾಲಯದ ಹೊಗಳಿಕೆ ಬಂತು. 1772ರಲ್ಲಿ ಕ್ವೇಕರ್ ಪಂಥದ ಆಂಥೊನಿ ಬೆನೆಜೆಟ್ ಅವರ ಪುಸ್ತಕ ಓದಿದ ಮೇಲೆ ವೆಸ್ಲಿಯವರಿಗೆ ಗುಲಾಮಗಿರಿಯ ವಿರುದ್ಧ ಬರೆಯದೆ ಇರಲಾಗಲಿಲ್ಲ. 1774ರಲ್ಲಿ ಅವರ ಕಿರುಹೊತ್ತಿಗೆ ಬಂತು. ಬಿಸಿಲ ದೇಶದಲ್ಲಿ ಬಿಳಿಯರು ದುಡಿಯಲಾರರು ಎಂಬ ವಾದಕ್ಕೆ ಅದರಲ್ಲಿ ಉತ್ತರವಿದೆ: ಜಾರ್ಜಿಯಾದಲ್ಲಿ ನಾನೇ ಇದ್ದೆ, ನಾನೂ ನನ್ನ ಮನೆಯವರೂ ಬಿಡುವಿನ ಹೊತ್ತಿನಲ್ಲೆಲ್ಲ ಮರ ಕಡಿದು ನೆಲ ಹದ ಮಾಡಿದೆವು, ಯಾರ ಆರೋಗ್ಯವೂ ಕೆಡಲಿಲ್ಲ. ಯಾರ ಖಾಸಗಿ ಪತ್ರವನ್ನೂ ಎಳೆದು ತರಲಿಲ್ಲ, ಯಾರ ಬಾಯಿಗೂ ಮಾತು ತುರುಕಲಿಲ್ಲ, ವಾದ ಯಾವುದೋ ಅದಕ್ಕೇ, ಕಣ್ಣಾರೆ ಕಂಡದ್ದನ್ನು ಮುಂದಿಟ್ಟು ಉತ್ತರಿಸಿದರು. ಬಹಿರಂಗ ಟೀಕೆ ಹೀಗಿರಬೇಕು ಎಂದು ನಾನು ತೋರಿಸಬಹುದಾದ ಪುಟ ಅದು. ವೈಟ್‌ಫೀಲ್ಡ್ ಆ ವಾದವನ್ನು ಬರೆದು ಅಷ್ಟು ಹೊತ್ತಿಗೆ 23 ವರ್ಷ ಕಳೆದಿತ್ತು, ಅವರು ತೀರಿಕೊಂಡು ನಾಲ್ಕು ವರ್ಷ. ಬೆಥೆಸ್ಡದ ಗುಲಾಮರು ಆಗ ಕೌಂಟೆಸ್ ಅವರ ಆಸ್ತಿಯಾಗಿದ್ದರು.